ಕೊನೆಯ ಬಾಗಿಲ ಮುಂದೆ ನಿಂತ ನಾಲ್ವರು

ಪ್ರೀತಿಯ ಅತ್ತಿಗೆ,

ಹೀಗೆ ಕರೆಯಬಹುದೋ ಇಲ್ಲವೋ ಎಂದು ಯೋಚಿಸುತ್ತಲೇ ಒಂದೆರಡು ಹಾಳೆ ಹರಿದು ಹಾಕಿದೆ. ಅಣ್ಣನಿಗೂ ನಿಮಗೂ ವಿಚ್ಛೇದನವಾಗಿ ವರ್ಷಗಳೇ ಕಳೆದವು. ಅವನು ಇನ್ನು ಮೇಲೆ ನಿಮಗೆ ಏನೂ ಅಲ್ಲ ಎಂದು ಕೋರ್ಟು ಹೇಳಿತು, ಸರಿ. ನಾನು ನಿಮಗೆ ಏನು ಅಂತ ಯಾರೂ ಹೇಳಲಿಲ್ಲ. ಗಂಡನನ್ನು ಬಿಡುವುದಕ್ಕೆ ಕಾನೂನಿದೆ, ಗಂಡನ ತಂಗಿಯನ್ನು ಬಿಡುವುದು ಹೇಗೆ ಎಂದು ಯಾವ ವಕೀಲರಿಗೂ ತಿಳಿದ ಹಾಗಿಲ್ಲ. ಆದ್ದರಿಂದ ನನ್ನ ಮಟ್ಟಿಗೆ ನೀವು ಅತ್ತಿಗೆಯೇ. ಹೊಸ ಅತ್ತಿಗೆಯೂ ಒಳ್ಳೆಯವರು. ಆದರೆ ಅವರಿಗೆ ನಮ್ಮ ಆಟದ ದೋಣಿಯವನು ಗೊತ್ತಿಲ್ಲ.

ವಿಳಾಸ ಎಲ್ಲಿ ಸಿಕ್ಕಿತು ಎಂದು ಗಾಬರಿಯಾಗಬೇಡಿ. ನಾನೀಗ ಕಿವಿ ಕೇಳಿಸದವರಿಗೆ ಶ್ರವಣಯಂತ್ರ ಮಾರುವ, ರಿಪೇರಿ ಮಾಡುವ ಅಂಗಡಿಯಲ್ಲಿದ್ದೇನೆ. ಹೋದ ತಿಂಗಳು ನಿಮ್ಮ ತಮ್ಮ ಅವರ ಮಾವನವರನ್ನು ಕರೆದುಕೊಂಡು ಬಂದಿದ್ದರು. ಅವರು ನನ್ನ ಗುರುತು ಹಿಡಿಯಲಿಲ್ಲ, ನಾನೇ ಹೇಳಿಕೊಂಡೆ. ನಿಮ್ಮ ವಿಳಾಸ ಕೇಳಿದಾಗ ಬರೆದುಕೊಟ್ಟರು.

ನೀವು ನಮ್ಮ ಮನೆಗೆ ಬಂದ ದಿನ ಸೂಟ್‌ಕೇಸಿನ ತಳದಲ್ಲಿ ಟವೆಲು ಸುತ್ತಿದ್ದ ಪೆಟ್ಟಿಗೆಯೊಂದಿತ್ತು. ಒಡವೆ ಇರಬೇಕು ಎಂದುಕೊಂಡ ಅಮ್ಮ ನನ್ನನ್ನು ಕೋಣೆಯಿಂದ ಆಚೆ ಕಳಿಸಿದ್ದರು. ಬಿಚ್ಚಿದರೆ ವಿಡಿಯೋ ಗೇಮಿನ ಯಂತ್ರ, ಜೊತೆಗೆ ಬಣ್ಣ ಮಾಸಿದ ಮೂರು ಕ್ಯಾಸೆಟ್ಟು! ಅಮ್ಮನ ಮುಖ ನನಗೆ ಇನ್ನೂ ನೆನಪಿದೆ. "ಮಕ್ಕಳಾಡೋ ಸಾಮಾನನ್ನ ಗಂಡನ ಮನೆಗೆ ಹೊತ್ಕೊಂಡು ಬಂದಿದಾಳೆ" ಎಂದು ಅಡುಗೆಮನೆಯಲ್ಲಿ ಗೊಣಗಿದರು. ನೀವು ಕೇಳಿಸಿಕೊಂಡೂ ಕೇಳಿಸದವರ ಹಾಗೆ ಟಿ.ವಿ.ಗೆ ವೈರು ಸಿಕ್ಕಿಸುತ್ತಿದ್ದಿರಿ. ನನಗೆ ಆಗ ಹದಿನೈದು. ಮನೆಯಲ್ಲಿ ಅಮ್ಮನಿಗೆ ಹೆದರದ ಮನುಷ್ಯರನ್ನು ನಾನು ಕಂಡದ್ದು ಅದೇ ಮೊದಲು.

ಜಪಾನಿನ ಯಾವುದೋ ಸಣ್ಣ ಕಂಪನಿ ಒಂದೇ ಕಥೆಯ ಈ ಮೂರೇ ಮೂರು ಆಟ ಮಾಡಿ ಬಾಗಿಲು ಹಾಕಿಕೊಂಡಿತಂತೆ. ಬೇರೆ ಆಟಗಳಲ್ಲಿ ಕತ್ತಿ ಹಿಡಿದ ಹುಡುಗನೊಬ್ಬ ಲೋಕವನ್ನೇ ಉಳಿಸುತ್ತಾನೆ. ನಮ್ಮ ಆಟದಲ್ಲಿ ಆ ಕೆಲಸವನ್ನು ಬೇರೆ ಯಾರೋ ಆಗಲೇ ಮುಗಿಸಿಬಿಟ್ಟಿದ್ದಾರೆ. ಯುದ್ಧ ಮುಗಿದಿದೆ. ಒಬ್ಬ ದೋಣಿಯವನು, ಒಬ್ಬ ಮುದುಕಿ ಸೂಲಗಿತ್ತಿ, ಸೈನ್ಯದಿಂದ ಓಡಿಬಂದ ಸಿಪಾಯಿ, ಬಾಯಿ ಬಿಡದ ಒಬ್ಬಳು ಹುಡುಗಿ. ಈ ನಾಲ್ವರೂ ನಡೆದುಕೊಂಡು ಮನೆಗೆ ಹೋಗಬೇಕು, ಅಷ್ಟೇ ಕಥೆ. ದಾರಿಯಲ್ಲಿ ತೋಳ ಬಂದರೆ ಹೊಡೆಯಬಹುದು, ಇಲ್ಲವೇ 'ಸುಮ್ಮನೆ ಕೂರು' ಎಂಬುದನ್ನು ಒತ್ತಿ ಅದು ಹೋಗುವ ತನಕ ಕೂರಬಹುದು. ಅಣ್ಣ ಆಫೀಸಿನಿಂದ ಬಂದವನು ಶೂ ಬಿಚ್ಚುತ್ತಾ, "ಇನ್ನೂ ಮನೆ ಸೇರಿಲ್ವಾ ಇವ್ರು? ಬಸ್ಸು ಹತ್ತೋಕೆ ಹೇಳು" ಎಂದು ನಗುತ್ತಿದ್ದ. ಆ ದಿನಗಳಲ್ಲಿ ಅವನು ನಗುತ್ತಿದ್ದ ಎಂಬುದನ್ನೂ ಬರೆಯಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ.

ಆಟವನ್ನು ಇಂಗ್ಲಿಷಿಗೆ ತಂದವರು ತೀರಾ ಅವಸರದಲ್ಲಿದ್ದರೆಂದು ಕಾಣುತ್ತದೆ. ಪ್ರತಿ ಊರಿನ ಛತ್ರದ ಯಜಮಾನಿಯೂ ಹಾಸಿಗೆ ತೋರಿಸಿ "ನಿಮ್ಮ ನಿದ್ದೆ ಸಿದ್ಧವಾಗಿದೆ" ಎನ್ನುತ್ತಿದ್ದಳು. ಮೊದಲ ಸಲ ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಅದು ನಮ್ಮ ಮನೆಯ ಮಾತೇ ಆಯಿತು. ಪರೀಕ್ಷೆಗೆ ಓದುತ್ತಾ ನಾನು ತೂಕಡಿಸಿದರೆ ನೀವು ಚಾಪೆ ಹಾಸಿ, ಹೊದಿಕೆ ಕೊಡವಿ, ಅದೇ ಗತ್ತಿನಲ್ಲಿ ಅದನ್ನೇ ಹೇಳುತ್ತಿದ್ದಿರಿ. ಆಟವನ್ನು ಎಲ್ಲಿ ಬೇಕಾದರೂ ಉಳಿಸಿ ನಿಲ್ಲಿಸಬಹುದಿತ್ತು. ನೀವು ಮಾತ್ರ ಹಾಗೆ ಬಿಡುತ್ತಿರಲಿಲ್ಲ. ಕರೆಂಟು ಹೋಗುವಂತಿದ್ದರೂ ನಾಲ್ವರನ್ನೂ ಹತ್ತಿರದ ಛತ್ರಕ್ಕೆ ನಡೆಸಿಕೊಂಡು ಹೋಗಿ ಮಲಗಿಸಿಯೇ ಏಳಬೇಕು. "ಕಾಡಲ್ಲಿ ನಿಲ್ಲಿಸಿ ಬರ್ತೀಯಾ? ರಾತ್ರಿಯೆಲ್ಲ ನಿಂತಿರ್ಬೇಕಲ್ಲೇ ಪಾಪ" ಎನ್ನುತ್ತಿದ್ದಿರಿ. ಗೊಂಬೆಗಳ ಮೇಲೆ ಇಷ್ಟು ಕರುಣೆ ಯಾಕೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ.

ನೀವು ಕಲಿಸಿದ್ದರಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ಊರಿನಲ್ಲಿ ಎದುರಾದವರನ್ನೆಲ್ಲ ಎರಡು ಸಲ ಮಾತಾಡಿಸಬೇಕು. "ಮೊದಲನೇ ಸಲ ಹೇಳ್ಬೇಕಾದ್ದನ್ನ ಹೇಳ್ತಾರೆ ಮರಿ. ಇನ್ನೊಂದ್ಸಲ ಕೇಳು, ಆಗ ಮನಸ್ಸಲ್ಲಿರೋದು ಬರುತ್ತೆ." ಬಾವಿಕಟ್ಟೆಯ ಹೆಂಗಸು ಮೊದಲು ಹವಾಮಾನದ ಮಾತಾಡಿ, ಮತ್ತೆ ಒತ್ತಿದರೆ ತನ್ನ ಮಗ ಯುದ್ಧದಿಂದ ಬಂದಿಲ್ಲ ಎನ್ನುತ್ತಿದ್ದಳು. ಆ ಆಟದ ಸೊಗಸೆಲ್ಲ ಆ ಎರಡನೇ ಮಾತಿನಲ್ಲೇ ಇತ್ತು. ಆಡಿದವರು ಕಡಿಮೆ, ಅವರಲ್ಲೂ ಬಹಳ ಮಂದಿ ಒಂದೇ ಸಲ ಮಾತಾಡಿಸಿ ಮುಂದೆ ಹೋದರೆಂದು ಕಾಣುತ್ತದೆ. 'ನಿಧಾನ, ಬೋರು' ಎಂದು ಯಾರೋ ಇಂಟರ್ನೆಟ್ಟಿನಲ್ಲಿ ಬರೆದಿದ್ದನ್ನು ಓದಿ ನಮ್ಮ ಮನೆಮಂದಿಯನ್ನೇ ಬೈದಷ್ಟು ಕೋಪ ಬಂತು. ಅಂಗಡಿಯಲ್ಲಿ ನಿಮ್ಮ ಪಾಠವೇ ನನ್ನ ಅನ್ನ. ಯಂತ್ರ ಹಾಕಿಸಿಕೊಂಡ ಮುದುಕರೆಲ್ಲ ಮೊದಲು "ಚೆನ್ನಾಗಿ ಕೇಳ್ಸುತ್ತಮ್ಮ" ಎನ್ನುತ್ತಾರೆ. ಇನ್ನೊಮ್ಮೆ ಕೇಳಿದರೆ, "ಕೇಳ್ಸುತ್ತೆ, ಆದ್ರೆ ಮಾತಾಡೋರೇ ಇಲ್ಲ" ಎನ್ನುತ್ತಾರೆ.

ಮೂರನೇ ಕ್ಯಾಸೆಟ್ಟಿನಲ್ಲಿ ನಾವು ಕೊನೆಯ ಬಾಗಿಲ ತನಕ ಹೋಗಿದ್ದೆವು. ಅದು ರಾಕ್ಷಸನ ಕೋಟೆಯಲ್ಲ, ದೋಣಿಯವನ ಸ್ವಂತ ಮನೆ. ಬಾಗಿಲು ತಟ್ಟಬೇಕು, ಒಳಗೆ ಯಾರಿದ್ದಾರೋ ಗೊತ್ತಿಲ್ಲ. ನೀವು ಸುಮಾರು ಹೊತ್ತು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದು, "ಇವತ್ತು ಬೇಡ" ಎಂದಿರಿ. ಹತ್ತಿರದಲ್ಲಿ ಛತ್ರವಿರಲಿಲ್ಲ. ನಾಲ್ವರನ್ನೂ ಬಾಗಿಲ ಮುಂದೆ ನಿಲ್ಲಿಸಿ ಎದ್ದದ್ದು ಅದೊಂದೇ ಸಲ. ಅದೇ ವಾರ ನೀವು ಹೊರಟಿರಿ. ನಿಮ್ಮಿಬ್ಬರ ನಡುವೆ ಏನಾಯಿತು ಎಂದು ನಾನು ಅಣ್ಣನನ್ನು ಕೇಳಿಲ್ಲ, ನಿಮ್ಮನ್ನೂ ಕೇಳುವುದಿಲ್ಲ. ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ಇದು ನಿನ್ನ ಹತ್ರ ಇರ್ಲಿ. ಒಬ್ಳೇ ಮುಗಿಸ್ಬೇಡ, ಆಯ್ತಾ?" ಎಂದಿರಿ. ನಾನು ಆಯ್ತು ಎಂದೆ. ಅಷ್ಟರಲ್ಲಿ ಗಾಡಿಯವನು ಹಾರ್ನ್ ಹೊಡೆದ.

ಮುಗಿಸಿಲ್ಲ ಅತ್ತಿಗೆ. ಈಗ ನಾನು ಬೀಗ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೇನೆ. ಅಮ್ಮ ಅಣ್ಣನ ಜೊತೆಗಿದ್ದಾರೆ. ಕೆಲಸದಿಂದ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ಕುಡಿದ ಲೋಟ ಇಟ್ಟ ಜಾಗದಲ್ಲೇ ಇರುತ್ತದೆ. ಯಾರಾದರೂ ಅದನ್ನು ಎತ್ತಿಟ್ಟಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಭಾನುವಾರ ಆಟ ಹಚ್ಚಿ, ಬಾಗಿಲ ಮುಂದೆ ನಿಂತ ನಾಲ್ವರನ್ನು ನೋಡಿ, ಏನೂ ಒತ್ತದೆ ಆರಿಸುತ್ತೇನೆ.

ಈ ಭಾನುವಾರ ಹಚ್ಚಿದಾಗ ನೀವು ಮದುವೆಗೆ ಮೊದಲು ಒಬ್ಬರೇ ಆಡಿ ಉಳಿಸಿದ್ದ ಆಟದ ಜಾಗ ಖಾಲಿಯಾಗಿತ್ತು. ನಾವಿಬ್ಬರೂ ಆಡಿ ಉಳಿಸಿದ್ದು ಇನ್ನೂ ಇದೆ. ಕ್ಯಾಸೆಟ್ಟಿನೊಳಗೆ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ, ಉಳಿಸಿದ್ದನ್ನೆಲ್ಲ ಕಾಯುವುದು ಅದೇ. ಅದು ಸಾಯುತ್ತಿದೆ. ಬ್ಯಾಟರಿ ಬದಲಿಸುವುದು ನನಗೆ ದಿನದ ಕೆಲಸ, ಆದರೆ ಇದನ್ನು ಸುಮ್ಮನೆ ಕಿತ್ತರೆ ನಾಲ್ವರೂ ಹೋಗುತ್ತಾರೆ. ಯಂತ್ರ ಚಾಲೂ ಇರುವಾಗಲೇ ಹಳೆಯದನ್ನು ಬಿಡಿಸಿ ಹೊಸದನ್ನು ಬೆಸೆಯಬೇಕು. ಒಂದು ಕೈಯಲ್ಲಿ ಬೆಸುಗೆಯ ಕಡ್ಡಿ, ಇನ್ನೊಂದರಲ್ಲಿ ಚಿಮುಟ. ಕ್ಯಾಸೆಟ್ಟು ಅಲುಗದ ಹಾಗೆ ಹಿಡಿಯಲು ಇನ್ನೊಬ್ಬರು ಬೇಕು. ಅಂಗಡಿಯ ಯಜಮಾನರನ್ನು ಕೇಳೋಣವೆಂದರೆ ವಯಸ್ಸಾಗಿ ಅವರ ಕೈ ನಡುಗುತ್ತದೆ. ನೀವು ಒಂದು ದಿನದ ಮಟ್ಟಿಗೆ ಬಂದು ಹಿಡಿದುಕೊಂಡರೆ ಉಪಕಾರವಾಗುತ್ತದೆ.

ಇದು ನನ್ನ ಮೊದಲನೇ ಸಲದ ಮಾತು. ಇಲ್ಲಿಗೇ ನಿಲ್ಲಿಸಿ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಎರಡನೇ ಸಲ ಕೇಳಲು ನೀವು ಎದುರಿಗಿಲ್ಲ, ನಾನೇ ಹೇಳಬೇಕು. ಬ್ಯಾಟರಿ ಸತ್ತರೆ ಸಾಯಲಿ. ಆ ನಾಲ್ವರು ಅಳಿಸಿಹೋದರೆ ಮತ್ತೆ ಮೊದಲಿನಿಂದ ನಡೆಸಿಕೊಂಡು ಬರೋಣ, ನನಗೆ ಯಾವ ಅವಸರವೂ ಇಲ್ಲ. ನನಗೆ ನೀವು ಬೇಕು ಅತ್ತಿಗೆ. ನೀವು ಹೋದ ಮೇಲೆ ನನ್ನನ್ನು ಯಾರೂ ಎರಡನೇ ಸಲ ಮಾತಾಡಿಸಿಲ್ಲ.

ಬರಲಾಗದಿದ್ದರೆ ಬೇಸರವಿಲ್ಲ ಎಂದು ಬರೆಯಬೇಕು, ಬರೆಯಲಾರೆ. ಬೇಸರವಾಗುತ್ತದೆ. ಆದರೂ ನೀವು ತಂಗುವ ಕಡೆಯಲ್ಲೆಲ್ಲ ನಿಮಗಾಗಿ ಒಂದು ದೀಪ ಉರಿಯುತ್ತಿರಲಿ.

ಬೀಗದ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬನ್ನಿ. ಹೊಸ ಚಾಪೆ ತಂದಿದ್ದೇನೆ, ಹೊದಿಕೆ ಕೊಡವಿ ಇಟ್ಟಿದ್ದೇನೆ. ನಿಮ್ಮ ನಿದ್ದೆ ಸಿದ್ಧವಾಗಿದೆ.

ಇಂದಿಗೂ ನಿಮ್ಮ ನಾದಿನಿ,
ಮರಿ