ಕ್ಯಾಲಿಸ್ಟೊ ಪಕ್ಕದಲ್ಲಿ ಹಾದುಹೋಗುವಾಗ

ಫೆಬ್ರುವರಿ 3, ಮಂಗಳವಾರ
ಟ್ರೋಲ್‌ಹೆಟ್ಟನ್, ಸ್ವೀಡನ್. ಮೈನಸ್ ಹನ್ನೊಂದು. ಬೆಳಗಿನ ಡೇಟಾ ನೋಡಿದೆ. ಗುರುಗ್ರಹದ ನೆರಳಿನಿಂದ ನೌಕೆ ಹೊರಬಂದಾಗಲೆಲ್ಲ ನಮ್ಮ ಕಾಂತಕ್ಷೇತ್ರದ ಸೆನ್ಸರ್ ಸೊನ್ನೆ ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. ಕೆಟ್ಟಿಲ್ಲ. ನೆರಳಲ್ಲಿ ಚಳಿ ಹಿಡಿದಿದೆ, ಅಷ್ಟೇ. ಗ್ರಾಫ್ ಮುಗಿಸಬೇಕಿತ್ತು, ಫೀಕಾಗೆ, ಅಂದರೆ ಎಲ್ಲರೂ ಸೇರುವ ಕಾಫಿ ವಿರಾಮಕ್ಕೆ, ಹೋಗಲಿಲ್ಲ.

ಫೆಬ್ರುವರಿ 4
ಹೋಗಬೇಕಿತ್ತು. ಈ ದೇಶದಲ್ಲಿ ಮೀಟಿಂಗ್ ಬರೀ ನೆಪ. ತೀರ್ಮಾನ ಆಗುವುದು ಫೀಕಾದಲ್ಲಿ, ಕಾಫಿ-ಬನ್ನಿನ ಮುಂದೆ.
ಇವತ್ತಿನ ಮೀಟಿಂಗ್‌ನಲ್ಲಿ ಟೀಮ್ ಲೀಡ್ ಆನಿಕಾ: "ಸೆನ್ಸರ್ ಆಫ್ ಮಾಡಿ ಆ ಪವರ್ ಕ್ಯಾಮೆರಾಗೆ ಕೊಡೋಣ. ನಿನ್ನೆ ಎಲ್ಲರೂ ಒಪ್ಪಿದ್ವಲ್ಲ?"
ಹದಿನೆಂಟನೇ ತಾರೀಖು ನೌಕೆ ನೆರಳಿನಿಂದ ಹೊರಬಿದ್ದ ಕೂಡಲೇ ಕ್ಯಾಲಿಸ್ಟೊ ಚಂದ್ರನ ಪಕ್ಕ ಹಾದುಹೋಗುತ್ತದೆ. ಅಷ್ಟು ಹತ್ತಿರ ಇನ್ನೊಮ್ಮೆ ಹೋಗುವುದಿಲ್ಲ. ಹಿಮದಡಿ ಉಪ್ಪುನೀರು ಇದೆಯೇ — ಸುಳಿವು ಕೊಡುವುದು ನಮ್ಮ ಸೆನ್ಸರ್. ಕ್ಯಾಮೆರಾ ಅಲ್ಲ.
"ನಾನು ಒಪ್ಪಿಲ್ಲ," ಅಂದೆ.
ಮೀಟಿಂಗ್ ಅಲ್ಲಿಗೇ ಮುಗಿಯಿತು. ಇಲ್ಲಿ ಒಬ್ಬರು ಒಪ್ಪದಿದ್ದರೂ ಕೆಲಸ ನಿಲ್ಲುತ್ತದೆ. ನಿಲ್ಲಲಿ.

ಅದೇ ದಿನ, ಸಂಜೆ
ಗಂಡನಿಗೆ ನಗು. "ಏನ್ ನಿವಿ, ಸ್ವೀಡನ್‌ಗೆ ಬಂದು ಧರಣಿನಾ? ಸ್ಲೋಗನ್ ಬರ್ಕೊಡ್ಲಾ?"
"ಮೊದ್ಲು ಸಾರಿಗೆ ಒಗ್ಗರಣೆ ಹಾಕು, ಸಂಕೇತ್."
"ಬಿಟ್‌ಬಿಡೇ. ಎಲ್ರನ್ನೂ ಎದುರು ಹಾಕ್ಕೋಬೇಡ."
ಬಿಡಲ್ಲ.

ಫೆಬ್ರುವರಿ 9
ಆನಿಕಾ ನನ್ನ ಡೆಸ್ಕ್ ಹತ್ತಿರ ಬಂದಳು. "ಎಲ್ಲರೂ ಒಂದು ಕಡೆ, ನೀನೊಬ್ಬಳೇ ಒಂದು ಕಡೆ, ನಿವೇದಿತಾ. ಕಷ್ಟ."
"ಸೆನ್ಸರ್‌ಗೆ ಹೀಟರ್ ಇದೆ. ನೆರಳಲ್ಲಿದ್ದಾಗಲೇ ಆನ್ ಮಾಡೋಣ. ಸಾಕು."
"ಆಗಲೂ ಸೊನ್ನೆಯೇ ಬಂದರೆ? ಅರ್ಧ ಫೋಟೋಗಳು ಸುಮ್ಮನೆ ಹೋಗುತ್ತವೆ."
"ನಿವೇದಿತಾ ಹಠ ಮಾಡಿ ಹಾಳು ಮಾಡಿದಳು ಅಂತ ಎಲ್ಲರಿಗೂ ಹೇಳು."
ಆನಿಕಾ ನಗಲಿಲ್ಲ. ನನ್ನ ಗ್ರಾಫ್‌ಗಳನ್ನು ಎತ್ತಿಕೊಂಡು ಹೋದಳು.

ಫೆಬ್ರುವರಿ 12
ಕಮಾಂಡ್ ಹೋಯಿತು. ಹೀಟರ್ ಬೇಗ, ಸೆನ್ಸರ್ ಆನ್. ಆನಿಕಾ ಆ ಗ್ರಾಫ್‌ಗಳನ್ನು ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋಗಿ ಒಪ್ಪಿಸಿದಳಂತೆ. ಕ್ಯಾಮೆರಾದವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಗ್ರಾಫ್ ಸುಳ್ಳು ಹೇಳುವುದಿಲ್ಲ.
...ಆದರೂ ಹೀಟರ್ ಲೆಕ್ಕ ಮತ್ತೊಮ್ಮೆ ನೋಡಿದೆ.

ಫೆಬ್ರುವರಿ 19, ಬೆಳಿಗ್ಗೆ
ನಿನ್ನೆ ನೌಕೆ ಹಾದುಹೋಯಿತು. ಡೇಟಾ ಈಗ ಇಳಿಯುತ್ತಿದೆ. ಸುಮ್ಮನಿರಲಾಗದೆ ಇಲ್ಲೇ ಬರೆಯುತ್ತಿದ್ದೇನೆ. ಕ್ಯಾಮೆರಾದವರು ನನ್ನ ಹಿಂದೆ ಬಂದು ನಿಂತಿದ್ದಾರೆ. ನಿಲ್ಲಲಿ, ನೋಡಲಿ. ಆನಿಕಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.
ಮೊದಲ ಸಾಲು. ಸೊನ್ನೆ ಅಲ್ಲ.
ಎರಡನೆಯದೂ ಅಲ್ಲ.
ಮೂರನೆಯದು — ಅಂಕಿ ಏರುತ್ತಿದೆ, ಆನಿಕಾ ನನ್ನ ತೋಳು ಹಿಡಿದು ಅಲುಗಾಡಿಸುತ್ತಿದ್ದಾಳೆ, ಬರೆಯಲಾಗುತ್ತಿಲ್ಲ.