ಗೆರೆಯ ಪಕ್ಕದಲ್ಲಿ

ನನ್ನ ಬಾಯಿಬಡುಕಿಗೆ,

ಮಾವನವರ ಕೆಮ್ಮು ಹೇಗಿದೆ? ನಾನು ಕ್ಷೇಮ, ಒಲೆಯ ಮೇಲಿಟ್ಟ ಹಾಲು ಮಾತ್ರ ದಿನಾ ಉಕ್ಕಿ ಹೋಗುತ್ತಿದೆ.

ಇವತ್ತು ಲ್ಯಾಬಿನಲ್ಲಿ ನಗೆಪಾಟಲಾದೆ. ಒಂದು ಮಗುವಿನ ಗಂಟಲಿನ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿದ್ದೆ. ನಿನಗೆ ಹಿಂದೆ ಹೇಳಿದ್ದೆನಲ್ಲ, ಅದೇ ಜಾತಿ. ತನ್ನ ಕಿಣ್ವಗಳು ಕೆಲಸ ಮಾಡಲು ಬೇಕಾದ ಸಹಕಿಣ್ವವನ್ನು ಅದು ತಾನೇ ತಯಾರಿಸಿಕೊಳ್ಳಲಾರದು. ಅದಕ್ಕೇ ತಟ್ಟೆಯಲ್ಲಿ ಇನ್ನೊಂದು ರೋಗಾಣುವಿನ ಗೆರೆ ಎಳೆಯುತ್ತೇವೆ. ಆ ಗೆರೆಯಿಂದ ಜಿನುಗಿದ್ದನ್ನು ಹೀರಿಕೊಂಡು, ಇದು ಅದರ ಪಕ್ಕದಲ್ಲೇ ಇಬ್ಬನಿಯ ಹಾಗೆ ಮೂಡುತ್ತದೆ. ಸ್ವಲ್ಪ ದೂರ ಹೋದರೆ ತಟ್ಟೆ ಬರಿದು.

"ಇಲ್ಲಿ ಮಾತ್ರ ಯಾಕ್ರೀ ಬೆಳೆದಿದೆ?" ಎಂದರು ಹೊಸ ಡಾಕ್ಟರು.

"ಮನೆಯಳಿಯ ಅಲ್ವಾ ಮೇಡಂ" ಎಂದುಬಿಟ್ಟೆ. ಆ ರೋಗಾಣುವಿಗೆ ನೀನಿಟ್ಟ ಹೆಸರು, ಬಾಯಿತಪ್ಪಿ ಬಂತು. ಎಲ್ಲರೂ ನಕ್ಕರು.

"ಅಪ್ಪನನ್ನು ಬಿಟ್ಟು ಬರಲಾರೆ, ನೀವೇ ಇಲ್ಲಿಗೆ ಬನ್ನಿ" ಎಂದು ನೀನು ಕರೆದಾಗ ಅದೇ ಪದಕ್ಕೆ ಹೆದರಿ ಸಿಡುಕಿದ್ದೆ.

ಅಲ್ಲಿಯ ಆಸ್ಪತ್ರೆಯಲ್ಲೂ ಲ್ಯಾಬ್ ಇದೆಯಂತೆ. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಮೇಜು ಹಿಡಿಸುತ್ತದೆಯೇ, ಅಳೆದು ತಿಳಿಸು. ಹಿಡಿಸದಿದ್ದರೆ ಮೇಜು ಇಲ್ಲೇ ಇರಲಿ.

ಇಂತಿ,
ನಿಮ್ಮ ಮನೆಯಳಿಯ