ಕಾರಿನ ಗವಾಕ್ಷಿ ಸೋರಿದ ಕಾರಣ

ಹೊಳೆನರಸೀಪುರ
ಜೂನ್ 14, 2025

ಮಗ ನಟರಾಜನಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಹರಕೆ.

ಮೈ ಹುಷಾರಾಗಿದ್ದೀಯಾ? ಅರುಣಾಚಲದ ಆ ಚಳಿಗೆ ನಿನ್ನ ಕಿವಿನೋವು ಮತ್ತೆ ಎದ್ದಿಲ್ಲ ತಾನೆ? ಸುರಂಗದೊಳಗೆ ಕೆಲಸಕ್ಕೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗು, ಜೊತೆಯವರು ನಕ್ಕರೆ ನಗಲಿ. ಕಿವಿ ನಿನ್ನದು, ನೋವೂ ನಿನ್ನದೇ. ನಾನು ಕಳಿಸಿದ ಅಕ್ಕಿ ಸಂಡಿಗೆ ಇನ್ನೂ ಇದೆಯೋ ಮುಗಿಯಿತೋ? "ಎಣ್ಣೆಗೆ ಬುಡ್ತಿದ್ದಂಗೆ ಅಂಗೈ ಅಗಲ ಅರಳ್ತದೆ ಕಣವ್ವ, ಯಾವತ್ತೂ ಇಂಗೆ ಒಣಗಿರ್ಲಿಲ್ಲ" ಎಂದು ಹೋದ ತಿಂಗಳು ಫೋನಿನಲ್ಲಿ ಹೊಗಳಿದ್ದೆಯಲ್ಲ, ಅವತ್ತು ನನಗೆ ಹೊಟ್ಟೆ ತುಂಬಿತ್ತು. ನಿಮ್ಮಪ್ಪನಿಗೆ ಮಂಡಿನೋವು ಬಿಟ್ಟರೆ ಬೇರೆ ಏನೂ ಇಲ್ಲ. ನಿನ್ನ ಮಗಳು ಮಾನಸಾ ಮೂರನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಹನ್ನೆರಡರವರೆಗೆ ಮಗ್ಗಿ ತಪ್ಪಿಲ್ಲದೆ ಒಪ್ಪಿಸುತ್ತಾಳೆ, ಹೇಳಿಕೊಟ್ಟವಳು ನಾನು.

ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನೀನು ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಮಾತಾಡುವುದು ಭಾನುವಾರ ಹತ್ತು ನಿಮಿಷ. ಅದರಲ್ಲಿ ಐದು ನಿಮಿಷ "ಹಲೋ, ಕೇಳಿಸ್ತಾ" ಎನ್ನುವುದರಲ್ಲೇ ಹೋಗುತ್ತದೆ, ಉಳಿದ ಐದರಲ್ಲಿ ಅಪ್ಪಣೆ ಕೊಟ್ಟು ಇಟ್ಟುಬಿಡುತ್ತೀಯ. ಅದೂ ಸ್ಮಿತಾಳ ಫೋನು. ಹೆಂಡತಿಯ ವಿಷಯವನ್ನು ಹೆಂಡತಿಯ ಫೋನಿನಲ್ಲಿ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಗೆ ಹೇಳಲಿ? ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ ತಿಂಗಳು ತಿಂಗಳು ವರದಿ ಬರೆದ ಕೈ ಇದು, ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನಗೆ ಗೊತ್ತು. ವಿಷಯ ಇಷ್ಟೇ. ನೀನು ಕಾರು ಮಾರಬಾರದು. ಯಾಕೆ ಮಾರಬಾರದು ಎನ್ನುವುದನ್ನು ಪೂರ್ತಿ ಓದು, ಅರ್ಧಕ್ಕೆ ಮಡಚಿಡಬೇಡ.

ಎರಡು ವರ್ಷದ ಹಿಂದೆ ಆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಮೇಲೆ ಸನ್‌ರೂಫ್ ಇರುವುದೇ ಬೇಕು ಎಂದು ಹಟ ಹಿಡಿದವನು ನೀನು. ನಮ್ಮ ಹಳೇ ಮನೆಯ ಅಡುಗೆಕೋಣೆಗೆ ಗಾಜಿನ ಹೆಂಚಿನ ಗವಾಕ್ಷಿ ಇತ್ತಲ್ಲ, ಮಳೆ ಬಂದಾಗಲೆಲ್ಲ ಅದರ ಕೆಳಗೆ ಪಾತ್ರೆ ಇಟ್ಟು ಸಾಕಾಗಿದ್ದವಳು ನಾನು. ಹಣ ಕೊಟ್ಟು ಕಾರಿಗೂ ಒಂದು ಗವಾಕ್ಷಿ ಇಡಿಸಿಕೊಳ್ಳುವವನನ್ನು ಇವತ್ತು ಕಂಡೆ ಎಂದು ನಕ್ಕಿದ್ದೆ. ಅವತ್ತಿನಿಂದ ನನ್ನ ಬಾಯಲ್ಲಿ ಅದು ಗವಾಕ್ಷಿಯೇ. ನೀನು ವರ್ಷಕ್ಕೆ ಎರಡು ಸಲ ಬಂದು ಕಾರನ್ನು ತೊಳೆದು, ಒರೆಸಿ, ಫೋಟೋ ತೆಗೆದು ಹೋಗುತ್ತೀಯ. ಅದನ್ನು ದುಡಿಸಿದವಳು ಸ್ಮಿತಾ. ಮದುವಣಗಿತ್ತಿಯರಿಗೆ ಅಲಂಕಾರ ಮಾಡುವ ಕೆಲಸಕ್ಕೆ ಬೆಳಗಿನ ನಾಲ್ಕೂವರೆಗೆ ಛತ್ರದಲ್ಲಿರಬೇಕು. ಆ ಹೊತ್ತಿಗೆ ಯಾವ ಬಸ್ಸು ಅವಳಿಗಾಗಿ ಬರುತ್ತದೆ? ಕಾರಿದ್ದುದಕ್ಕೇ ಅವಳು ರಾಮನಾಥಪುರದವರೆಗೂ ಹೋಗಿ ಬಂದಳು, ಶಾಂತಿಗ್ರಾಮದಿಂದಲೂ ಕರೆ ಬಂತು. ಕಾರು ಹೋದರೆ ಕೆಲಸ ಹೋಯಿತು, ಅಷ್ಟೇ ಲೆಕ್ಕ.

ಈಗ ಸೋರಿದ ಕಥೆ. ಮೇ ಕೊನೆಯ ವಾರ ಅರಕಲಗೂಡಿನಲ್ಲಿ ನಿನ್ನ ಚಿಕ್ಕಪ್ಪನ ಮಗ ರವೀಶನ ನಾದಿನಿಯ ಮದುವೆ. ಹುಡುಗಿಗೆ ಅಲಂಕಾರ ಮಾಡುವವಳು ಸ್ಮಿತಾ. ಧಾರೆ ಸೀರೆಗೆ ಹಿಂದಿನ ದಿನವೇ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ನು ಹಾಕಿ ಮುಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಹೊರಟಳು. ಹೊರಗೆ ನಿಂತಿದ್ದ ಕಾರಿನ ಮೇಲೆ ಹಿಂದಿನ ಸಂಜೆಯಿಂದ ಮಳೆ ಹೊಯ್ದಿತ್ತು. ಅರಕಲಗೂಡು ಇನ್ನೇನು ಬಂತು ಎನ್ನುವಾಗ ಹಂಪ್ ಕಂಡು ಬ್ರೇಕ್ ಹಾಕಿದ್ದೇ ತಡ, ಕನ್ನಡಿಯ ಹತ್ತಿರದ ದೀಪದ ಸಂದಿಯಿಂದ ಒಂದು ಚೊಂಬಿನಷ್ಟು ಕಂದು ನೀರು ದಬಕ್ಕನೆ ಸೀರೆಯ ಮೇಲೆ. ಹುಡುಗಿಯ ತಾಯಿ ಅಪಶಕುನ ಎಂದು ಅತ್ತರಂತೆ. ಸ್ಮಿತಾ ಅಳಲಿಲ್ಲ. ಕಲೆಯಾದಷ್ಟು ಭಾಗವನ್ನು ತೊಳೆದು, ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿ, ಕಲೆಯಿದ್ದ ನೆರಿಗೆ ಒಳಗೆ ಬರುವ ಹಾಗೆ ಮಡಚಿ ಮುಹೂರ್ತಕ್ಕೆ ಕಾಲು ಗಂಟೆ ಮೊದಲೇ ಉಡಿಸಿದಳು. ಮದುವೆಯ ಫೋಟೋ ನೋಡಿದೆ, ಕಲೆ ಎಲ್ಲಿದೆ ಎಂದು ನನಗೂ ತಿಳಿಯಲಿಲ್ಲ. ಆದರೆ ಊಟದ ಪಂಕ್ತಿ ಏಳುವುದರೊಳಗೆ ಮಾತು ನಾಲ್ಕು ಊರು ತಿರುಗಿತ್ತು.

ಆ ವಾರದ ಭಾನುವಾರ ಇದೆಲ್ಲ ಹೇಗಾಯಿತು ಎಂದು ನೀನು ಕೇಳಿದೆ. ದಿನಾ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಾಳೆ, ಹೂವು ಕಸ ಎಲ್ಲ ಬಿದ್ದು ಹಾಳಾಗಿರಬೇಕು ಎಂದು ನಾನು ಹೇಳಿದ್ದು ನಿಜ. ನಾನೊಂದು ಮಾತು ಹೇಳಿದರೆ ನೀನು ಅದಕ್ಕೆ ಬಾಲ ಕಟ್ಟಿ ಇಷ್ಟು ದೊಡ್ಡದು ಮಾಡುತ್ತೀಯ ಎಂದು ಯಾರಿಗೆ ಗೊತ್ತಿತ್ತು? ಅಷ್ಟರಲ್ಲಿ ರವೀಶ ಬಂದು, ಗಾಜಿಗೆ ಬಿರುಕು ಬಿಟ್ಟಿದೆ ಎಂದು ತಾನೇ ತೀರ್ಮಾನಿಸಿ, ಸುತ್ತಲೂ ಗಮ್ ಬಳಿದು ಹೋದ. ಗವಾಕ್ಷಿ ತೆರೆಯದ ಹಾಗಾಯಿತು, ಸೋರುವುದು ಮಾತ್ರ ನಿಲ್ಲಲಿಲ್ಲ. ಮುಂದಿನ ಭಾನುವಾರ ರವೀಶ ಮತ್ತೆ ನಮ್ಮ ಮನೆಗೆ ಬಂದಿದ್ದಾಗ ನೀನು ಅವನಿಗೇ ಫೋನು ಮಾಡಿ, ಅದೂ ಸ್ಪೀಕರಿನಲ್ಲಿ ನಮಗೆಲ್ಲ ಕೇಳುವಂತೆ, "ಒಂದು ಕಾರ್ ನೋಡ್ಕಳಕಾಗ್ದೋಳ್ಗೆ ಕಾರ್ ಯಾಕೆ, ಮಾರಾಕು" ಎಂದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ನನ್ನ ಹೊಟ್ಟೆಯಲ್ಲೇ ಅಂಥವನು ಹುಟ್ಟಿದ್ದಾನೆ ಎಂದು ಅವತ್ತು ತಿಳಿಯಿತು. ಸ್ಮಿತಾ ಮೊಳೆಯಿಂದ ಕೀ ತೆಗೆದು ರವೀಶನ ಕೈಗಿಟ್ಟಳು. ಆಮೇಲೆ ಒಳಗೆ ಹೋಗಿ ತನ್ನ ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟಳು. 

ಮರುದಿನ ಬೆಳಗ್ಗೆ ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ರವೀಶನ ಮನೆಯ ಜಗಲಿಯ ಮೇಲೆ ಕೂತೆ. ಕಾಫಿ ತಂದರು, ಮುಟ್ಟಲಿಲ್ಲ. ನೀರು ತಂದರು, ಅದನ್ನೂ ಮುಟ್ಟಲಿಲ್ಲ. "ನಟಣ್ಣ ಯೋಳವ್ನೆ ಕಣ್ ದೊಡ್ಡವ್ವ, ಕೀ ಕೊಡಕಾಗಕಿಲ್ಲ" ಎಂದ. ಹೇಳಿದವನನ್ನು ಹೆತ್ತವಳು ನಾನು, ಕೀ ಕೊಡುವವರೆಗೂ ಇಲ್ಲೇ ಕೂತಿರುತ್ತೇನೆ ಎಂದೆ. ಬೀದಿಯಲ್ಲಿ ಹೋಗುವವರೆಲ್ಲ ಯಾಕಮ್ಮ ಇಲ್ಲೇ ಕೂತಿದ್ದೀರಿ ಎಂದು ವಿಚಾರಿಸತೊಡಗಿದರು. ಮೂರನೆಯವರು ವಿಚಾರಿಸುವ ಹೊತ್ತಿಗೆ ಕೀ ನನ್ನ ಕೈಯಲ್ಲಿತ್ತು. ಆಮೇಲೆ ಕಾಫಿ ಕುಡಿದೆ, ಚೆನ್ನಾಗಿತ್ತು. ಅವನು ಕೆಟ್ಟವನಲ್ಲ, ಕೊಂಡುಕೊಳ್ಳುವವರನ್ನು ಆಗಲೇ ಹುಡುಕಿ ಇಟ್ಟಿದ್ದ, ಅದೇ ತೊಂದರೆ. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲವಾದ್ದರಿಂದ ಶ್ರಾವಣಕ್ಕೆ ಬಂದು ಒಯ್ಯುತ್ತಾರಂತೆ. ಸಹಿಯ ಕಾಗದ ನಿನಗೆ ಕಳಿಸಿದ್ದಾನಂತೆ. ಅದು ಬಂದರೆ ಸಹಿ ಹಾಕಬೇಡ.

ಊರಿಗೆ ಬಂದು, ಮನೆಯ ಮುಂದೆಯೇ ನಿಂತಿದ್ದ ಕಾರಿನಲ್ಲಿ ಸ್ಮಿತಾಳನ್ನು ಎಬ್ಬಿಸಿಕೊಂಡು ಹಾಸನಕ್ಕೆ ಹೊರಟೆ. ಅಲ್ಲಿ ಗುಂಡಯ್ಯ ಎನ್ನುವ ಮೆಕ್ಯಾನಿಕ್ ಇದ್ದಾರೆ, ಕಾರಿಗಿಂತ ಮೊದಲು ಗದ್ದೆಗೆ ನೀರು ಕಟ್ಟಿ ಬೆಳೆದವರು. ರವೀಶನ ಗಮ್ಮನ್ನೆಲ್ಲ ಕೆರೆದು ತೆಗೆಯುವುದಕ್ಕೇ ಅವರಿಗೆ ಒಂದು ಗಂಟೆ ಹಿಡಿಯಿತು. ಗಾಜಿಗೆ ಕೂದಲೆಳೆಯಷ್ಟೂ ಬಿರುಕಿಲ್ಲ. "ಬಾಯ್ಗೆ ಗಮ್ ಬಳ್ದವ್ರೆ ಕಣವ್ವ, ತೂಬು ನೋಡಿಲ್ಲ. ಇದ್ರೊಳಕ್ಕೆ ನೀರು ಬಂದೇ ಬತ್ತದೆ, ಓಗಾಕೆ ದಾರಿ ಇರ್ಬೇಕು ಅಷ್ಟೆಯ" ಎಂದರು. ಗಾಜಿನ ಸುತ್ತ ಒಳಗೊಂದು ಕಾಲುವೆಯಂತೆ. ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಪೈಪು, ಮಳೆ ನೀರು ಅದರಲ್ಲಿಳಿದು ಚಕ್ರದ ಹತ್ತಿರ ನೆಲಕ್ಕೆ ಬೀಳಬೇಕಂತೆ. ಅವರು ಚೊಂಬಿನಿಂದ ನೀರು ಬಿಟ್ಟು ತೋರಿಸಿದರು. ಹಿಂದಿನ ಎರಡರಲ್ಲಿ ಸರಾಗ ಹರಿಯಿತು, ಮುಂದಿನ ಎರಡರಲ್ಲಿ ನಿಂತೇ ಬಿಟ್ಟಿತು. ಸಣ್ಣ ತಂತಿ ಬಿಟ್ಟು ಮೆತ್ತಗೆ ಎಳೆದಾಗ ಗಟ್ಟಿಯಾದ ಬಿಳಿ ಗಂಟು ಹೊರಗೆ ಬಂತು, ಹಿಂದೆಯೇ ಗೊಳಗೊಳ ನೀರು. ಇದೇನು ಎಂದು ಗುಂಡಯ್ಯ ಅದನ್ನು ತಿರುಗಿಸಿ ನೋಡುವಾಗ, "ಹೊಂಗೆ ಹೂವಿರ್ಬೇಕು ಬುಡಣ್ಣ, ಮರದ ಕೆಳಗೆ ನಿಲ್ಲಿಸ್ತಿದ್ದೋಳು ನಾನೇಯ" ಎಂದಳು ಸ್ಮಿತಾ. ಸರಿ, ಹೊಂಗೆ ಹೂವೇ ಇರಬೇಕು. ಈಗ ಮೂರು ಮಳೆ ಕಳೆದಿದೆ, ಒಳಗೆ ಒಂದು ಹನಿ ಇಲ್ಲ.

ಕಳೆದ ದೀಪಾವಳಿಗೆ ಬಂದಾಗ ನೀನೇ ತಟ್ಟೆ ಲೋಟ ಇಟ್ಟು ನನಗೆ ವಿವರಿಸಿದ್ದೆ. ಸುರಂಗದ ಗೋಡೆಯಲ್ಲಿ ನೀರು ಜಿನುಗಿದರೆ ಅದನ್ನು ಮುಚ್ಚುವುದಿಲ್ಲ, ತೂತು ಕೊರೆದು ಪೈಪಿಟ್ಟು ಹೊರಗೆ ಬಿಡುತ್ತೇವೆ, ಮುಚ್ಚಿದರೆ ಬೆಟ್ಟವೇ ಒಳಗೆ ಬರುತ್ತದೆ ಎಂದಿದ್ದೆ. ಅಂಥವನು ಮನೆಯ ವಿಷಯಕ್ಕೆ ಬಂದಾಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ. ಅಂಗನವಾಡಿಯಲ್ಲಿ ನಾನು ಕಂಡಿದ್ದೇನೆ. ಹಾಲು ಚೆಲ್ಲಿದ ಮಗುವೇ ಎಲ್ಲರಿಗಿಂತ ಮೊದಲು ಪಕ್ಕದ ಮಗುವಿನತ್ತ ಬೆರಳು ತೋರಿಸುವುದು. ಚೆಲ್ಲದ ಮಗು ಸುಮ್ಮನೆ ನೋಡುತ್ತಾ ಕೂತಿರುತ್ತದೆ. ಸ್ಮಿತಾ ಸುಮ್ಮನಿದ್ದಾಳೆ ಎಂದರೆ ತಪ್ಪು ಅವಳದು ಎಂದು ತಿಳಿಯಬೇಡ. ನನಗೆ ಮಗಳಿಲ್ಲದ ಕೊರತೆ ಅವಳು ಬಂದ ಮೇಲೆ ತಿಳಿಯಲಿಲ್ಲ, ಅದನ್ನು ಅವಳಿಗೆ ಒಂದು ದಿನವೂ ಹೇಳಿಲ್ಲ, ನಿನಗಾದರೂ ಹೇಳುತ್ತೇನೆ. ಈ ಕಾಗದ ಸಿಕ್ಕ ಮೇಲೆ ಬರುವ ಭಾನುವಾರ ಫೋನು ಮಾಡಿದಾಗ ನನ್ನನ್ನಾಗಲಿ ನಿಮ್ಮಪ್ಪನನ್ನಾಗಲಿ ಕರೆಯಬೇಡ. ಹತ್ತು ನಿಮಿಷವೂ ಅವಳ ಹತ್ತಿರ ಮಾತಾಡು. ಸೋತ ಮಾತಾಡಲು ಗಂಡಸಿಗೆ ನಾಚಿಕೆ ಇರಬಾರದು. ಇನ್ನು ಕಾರಿನ ವಿಷಯವಾಗಿ ನಿಮ್ಮಪ್ಪನನ್ನು ಏನೂ ಕೇಳಬೇಡ, ಅವರಿಗೆ ಏನೂ ಗೊತ್ತಿಲ್ಲ.

ಊಟ ಬಿಡಬೇಡ, ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ನಿನ್ನ ಜೊತೆಯವರಿಗೆಲ್ಲ ಈ ಮುದುಕಿ ಕೇಳಿದಳೆಂದು ಹೇಳು. ನೂರ್ಕಾಲ ಬಾಳು ಮಗನೇ.

ನಿನ್ನ ಅವ್ವ,
ಸರಸಮ್ಮ

ಮರೆತ ಮಾತು: ಚನ್ನರಾಯಪಟ್ಟಣದಲ್ಲಿ ನಾಳೆ ಒಂದು ಮದುವೆಯಿದೆ, ಸೀರೆ ತರಲು ಸ್ಮಿತಾ ಹೊರಟಿದ್ದಾಳೆ. ಕಾಗದವನ್ನು ಪೋಸ್ಟಿಗೆ ಹಾಕುವವಳೂ ಅವಳೇ. ಹೊರಗೆ ಹಾರ್ನ್ ಮಾಡುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಗುಂಡಯ್ಯ ತೆಗೆದದ್ದು ಹೊಂಗೆ ಹೂವಲ್ಲ. ಅದರಲ್ಲಿ ಜೀರಿಗೆ ಇತ್ತು. ಈ ವರ್ಷ ಮಹಡಿಯ ಮೇಲೆ ಕೋತಿ ಕಾಟ. ಯುಗಾದಿ ಕಳೆದು ಸ್ಮಿತಾ ನಾಲ್ಕು ದಿನ ಗೆಳತಿಯರ ಜೊತೆ ಬಸ್ಸಿನಲ್ಲಿ ಹಾಸನಕ್ಕೆ ತರಬೇತಿಗೆಂದು ಹೋಗುತ್ತಿದ್ದಾಗ, ಕಾರನ್ನು ಮರದ ಕೆಳಗೆ ಬೇಡ, ಅಂಗಳದ ಬಿಸಿಲಿಗೆ ನಿಲ್ಲಿಸು ಎಂದವಳು ನಾನು. ಆ ಗಾಜು ಹೆಂಚಿನ ಹಾಗೆ ಕಾಯುತ್ತಿತ್ತು. ಅದರ ಮೇಲೆ ಪಂಚೆ ಹಾಸಿ ನಾಲ್ಕು ದಿನವೂ ಸಂಡಿಗೆ ಇಟ್ಟೆ. ನಿಮ್ಮಪ್ಪ ಕೋಲು ಹಿಡಿದು ಕಾಗೆ ಓಡಿಸಿದರು. ಸಂಜೆ ಉದುರಿದ್ದ ಚೂರು, ಅಂಟಿದ್ದ ಹಿಟ್ಟಿನ ಮೇಲೆ ಬಿಂದಿಗೆ ನೀರು ಹೊಯ್ದು ತೊಳೆದೆ. ಎಲ್ಲ ಸಂದಿಯೊಳಗೆ ಇಳಿದು ಹೋಯಿತು, ಚೊಕ್ಕಟವಾಯಿತು ಎಂದುಕೊಂಡೆ. ನೀನು ಹೊಗಳಿದ ಸಂಡಿಗೆ ಒಣಗಿದ್ದು ನಿನ್ನ ಗವಾಕ್ಷಿಯ ಮೇಲೆ.

ಫೋನಿನಲ್ಲಿ ಹೊಂಗೆ ಮರದ ಮಾತಾಡಿದಾಗ ನನಗಿದು ಹೊಳೆದಿರಲಿಲ್ಲ, ದೇವರಾಣೆ. ಆದರೂ ಬೆರಳು ಎಷ್ಟು ಬೇಗ ಎದ್ದಿತು ನೋಡು. ಗುಂಡಯ್ಯ ಆ ಗಂಟನ್ನು ಮೂಸಿ ನೋಡಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲ ಮೇಲೆ ಸೆರಗು ಎಳೆದುಕೊಂಡೆ. ಸ್ಮಿತಾ ಗಂಟನ್ನೂ ನೋಡಿದಳು, ನನ್ನನ್ನೂ ನೋಡಿದಳು, ಆಮೇಲೆ ಹೊಂಗೆ ಹೂವು ಎಂದಳು. ನೀನು ಹೊರಿಸಿದ ತಪ್ಪನ್ನು ತಾನೇ ಹೊತ್ತುಕೊಂಡು ಹಾಗೆಂದಳು. ವಾಪಸು ಹೊರಟು ಅರ್ಧ ದಾರಿ ಬಂದೆವು. ಆಮೇಲೆ ರಸ್ತೆ ನೋಡಿಕೊಂಡೇ, "ಮುಂದಿನ್ ವರ್ಷ ಮಹಡಿ ಮ್ಯಾಲೆ ಬಲೆ ಕಟ್ಟುಸ್ಕೊಡ್ತೀನಿ ಅತ್ತೆ, ಸಂಡಿಗೆ ಅಲ್ಲೇ ಒಣಗಾಕಿ" ಎಂದಳು. ಅಷ್ಟೇ. ಇವತ್ತಿನವರೆಗೂ ಮತ್ತೆ ಆ ಮಾತೆತ್ತಿಲ್ಲ. ನನಗೂ ಬಾಯಿ ಬಂದಿಲ್ಲ.

ಮತ್ತೆ ಹಾರ್ನ್ ಆಯಿತು. ಲಕೋಟೆಗೆ ಗಮ್ ಹಚ್ಚದೆ ಹಾಗೆಯೇ ಅವಳ ಕೈಗೆ ಕೊಡುತ್ತಿದ್ದೇನೆ. ನಿನಗೆ ತಲುಪುವ ಮೊದಲು ಅವಳೇ ಓದಲಿ.